ಪುಣೆಯ ಕಟ್ಟೆ, ಕಲಬುರಗಿಯ ಕಲ್ಲು: ಮನೆಯಂಗಳದ ಒಂದು ಕಲ್ಲಿನ ಆಸನದ ಹಿಂದಿನ ಇತಿಹಾಸ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದು ಹಾಕ್ತಿದ್ದೀನಿ. ಆಫೀಸ್ ಕ್ಯಾಬ್‌ನಲ್ಲಿ ಕೂತು ವಿಡಿಯೋ ನೋಡೋಕಾಗಲ್ಲ, ಓದೋಕಾದ್ರೆ ಆಗುತ್ತೆ ಅಂತ ತುಂಬಾ ಜನ ಕೇಳ್ತಿರ್ತೀರಿ. ಅವರಿಗಾಗಿ ಇದು.

ವಿಷಯ ಬಹಳ ಸಣ್ಣದು. ಎರಡು ವರ್ಷದ ಹಿಂದೆ ಪಿಂಪಳೆ ಸೌದಾಗರ್‌ನಲ್ಲಿ ನಾವು ಗ್ರೌಂಡ್ ಫ್ಲೋರ್ ಮನೆಗೆ ಬಂದ್ವಿ. ಮನೆ ಮುಂದೆ ಹತ್ತು ಅಡಿ ಅಗಲದ ಒಂದು ತುಂಡು ಮಣ್ಣು. ನಾನು ಮಲೆನಾಡಿನವನು. ಸಂಜೆ ಜಗಲಿ ಮೇಲೆ ಕೂರದೆ ದಿನ ಮುಗಿಯದ ಮನೆಯಲ್ಲಿ ಬೆಳೆದವನು. ಇಲ್ಲೊಂದು ಕಲ್ಲಿನ ಆಸನ ಮಾಡಿಕೊಳ್ಳೋಣ, ಪಕ್ಕದಲ್ಲಿ ಒಂದು ಪಾರಿಜಾತದ ಗಿಡ ನೆಡೋಣ ಅನ್ನಿಸಿತು.

ಕಲ್ಲು ಹುಡುಕಿಕೊಂಡು ಹೈವೇ ಬದಿಯ ಒಂದು ಕಲ್ಲಿನ ಅಂಗಡಿಗೆ ಹೋದೆ. ನನ್ನ ಮುರುಕು ಮರಾಠಿಯಲ್ಲಿ ರೇಟು ಕೇಳ್ತಿದ್ದೆ. ಅಲ್ಲೇ ಕಲ್ಲು ಇಳಿಸ್ತಿದ್ದ ವಯಸ್ಸಾದ ಗೌಂಡಿಯೊಬ್ಬರು ನನ್ನ ಮುಖ ನೋಡಿ, "ನೀವು ಕನ್ನಡದವ್ರೇನ್ರಿ ಸರ?" ಅಂದ್ರು. ಹೌದು ಅಂದೆ. ಗೋಡೆಗೆ ಒರಗಿಸಿದ್ದ ಬೂದುಬಣ್ಣದ ಚಪ್ಪಡಿ ಮೇಲೆ ಕೈಯಿಟ್ಟು ಹೇಳಿದ್ರು: "ಇದು ನಮ್ಮೂರ್ ಕಡಿದು ಅದ ರೀ. ಶಹಾಬಾದ್ ಪರಸಿ. ನನಗಿಂತಾ ಮೊದಲ ಪುಣೆಗೆ ಬಂದದ."

ಆ ಒಂದು ಮಾತಿನಿಂದ ಈ ಎಪಿಸೋಡ್ ಹುಟ್ಟಿತು.

ಎರಡು ಕಲ್ಲು, ಒಂದು ನದಿ

ಪುಣೆಯ ಯಾವುದೇ ಹಳೇ ಕಟ್ಟೆ, ಮೆಟ್ಟಿಲು, ಅಂಗಳ ನೋಡಿ, ಮುಖ್ಯವಾಗಿ ಎರಡು ಕಲ್ಲು ಕಾಣುತ್ತೆ. ಒಂದು ಕಪ್ಪು, ಇನ್ನೊಂದು ಬೂದು.

ಕಪ್ಪಗಿರೋದು ಬಸಾಲ್ಟ್. ಮರಾಠಿಯಲ್ಲಿ 'ಕಾಳಾ ದಗಡ್', ನಮ್ಮಲ್ಲಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಪ್ರದೇಶದಲ್ಲಿ ನೆಲ ಬಿರಿದು ಲಾವಾ ಹರಿಯಿತು. ಪದರದ ಮೇಲೆ ಪದರ ಆರಿ ಗಟ್ಟಿಯಾಯಿತು. ಸಿಂಹಗಡ, ಪಾರ್ವತಿ ಗುಡ್ಡ, ವೇತಾಳ ಟೇಕಡಿ ಎಲ್ಲವೂ ಅದೇ ಲಾವಾ. ಬಾಣೇರ್ ಪಕ್ಕದ ಪಾಷಾಣ್‌ನಲ್ಲಿ ನಮ್ಮವರು ತುಂಬಾ ಜನ ಇದ್ದೀರಲ್ಲ, ಆ ಹೆಸರಿನ ಅರ್ಥವೇ ಕಲ್ಲು!

ಬೂದು ಬಣ್ಣದ್ದು ಶಹಾಬಾದ್ ಕಲ್ಲು. ಇದು ಸುಣ್ಣದ ಕಲ್ಲಿನ ಜಾತಿ, ಊರು ಕಲಬುರಗಿ ಜಿಲ್ಲೆಯ ಶಹಾಬಾದ್. ಡೆಕ್ಕನ್ ಲಾವಾ ಹರಿಯುವುದಕ್ಕೆ ಬಹಳ ಬಹಳ ಮುಂಚೆ ಅಲ್ಲೊಂದು ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ಕೂತು ಕಲ್ಲಾಯಿತು. ಈ ಹಾಳೆಗಳೇ ಅದರ ಗುಣ. ಗೂಟ ಹೊಡೆದು ಎಬ್ಬಿಸಿದರೆ ಚಪ್ಪಟೆಯಾಗಿ ಬಿಟ್ಟುಕೊಳ್ಳುತ್ತೆ. ಯಂತ್ರ ಇಲ್ಲದ ಕಾಲದಲ್ಲೂ ಕೂರೋಕೆ, ಹಾಸೋಕೆ ತಯಾರಾದ ಕಲ್ಲು ಇದು.

ಇನ್ನೊಂದು ಸಂಗತಿ ಗಮನಿಸಿ. ಭೀಮಾ ನದಿ ಹುಟ್ಟೋದು ಇದೇ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ನಮ್ಮ ಮುಳಾ-ಮುಠಾ ನೀರೂ ಹೋಗಿ ಸೇರೋದು ಭೀಮೆಗೇ. ಆ ಭೀಮೆ ಸೊಲ್ಲಾಪುರದ ಕಡೆಯಿಂದ ಕರ್ನಾಟಕಕ್ಕೆ ಬಂದು ಕಲಬುರಗಿ ಸೀಮೆಯನ್ನು ಹಾದು ಕೃಷ್ಣೆಗೆ ಸೇರುತ್ತೆ. ನೀರು ಇಲ್ಲಿಂದ ಅಲ್ಲಿಗೆ ಹೋಗುತ್ತೆ, ಕಲ್ಲು ಅಲ್ಲಿಂದ ಇಲ್ಲಿಗೆ ಬರುತ್ತೆ.

ಜಂಗಲಿ ಮಹಾರಾಜ್ ರಸ್ತೆಯ ರಾಷ್ಟ್ರಕೂಟರು

ಪುಣೆಯಲ್ಲಿ ಕಲ್ಲಿನ ನೆರಳಲ್ಲಿ ಕೂರೋಕೆ ಇರುವ ಅತ್ಯಂತ ಹಳೆಯ ಜಾಗಗಳಲ್ಲೊಂದು ಯಾವುದು ಗೊತ್ತಾ? ಜೆ. ಎಂ. ರೋಡಿನ ಪಾತಾಳೇಶ್ವರ. ಶಾಪಿಂಗ್‌ಗೆ ಹೋದಾಗ ಅದರ ಮುಂದೆ ನೂರು ಸಲ ಹಾದು ಹೋಗಿರ್ತೀವಿ. ಒಳಗೆ ಹೋದರೆ ರಸ್ತೆಯ ಗದ್ದಲ ಕಡಿಮೆಯಾಗುತ್ತೆ. ನೆಲಮಟ್ಟಕ್ಕಿಂತ ಕೆಳಗೆ ಬಂಡೆಯನ್ನು ಕೊರೆದು ಮಾಡಿದ ಅಂಗಳ, ನಡುವೆ ಛತ್ರಿಯಂಥ ಚಾವಣಿಯ ದುಂಡನೆಯ ನಂದಿ ಮಂಟಪ, ಆಚೆ ಸಾಲುಕಂಬದ ಗುಹೆ. ಒಂದು ಕಲ್ಲನ್ನೂ ಹೊರಗಿನಿಂದ ತಂದಿಲ್ಲ. ಇದ್ದ ಬಂಡೆಯಲ್ಲಿ ಬೇಡದ್ದನ್ನು ತೆಗೆದಿದ್ದಾರೆ, ಅಷ್ಟೇ. ಕೆಲಸ ಪೂರ್ತಿಯೂ ಆಗಿಲ್ಲ.

ಇದು ಎಂಟನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಪುಣೆಯ ಹೆಸರು ದಾಖಲೆಯಲ್ಲಿ ಸಿಗುವುದೂ ಅವರ ಕಾಲದಲ್ಲೇ. 768ರ ತಳೇಗಾಂವ್ ತಾಮ್ರಶಾಸನದಲ್ಲಿ ಈ ಸೀಮೆಯನ್ನು 'ಪೂನಕ ವಿಷಯ' ಅಂತ ಕರೆದಿದ್ದಾರೆ. 'ವಿಷಯ' ಅಂದರೆ ಆಗಿನ ಜಿಲ್ಲೆ. ಆಗ ಆಳುತ್ತಿದ್ದವನು ಒಂದನೆಯ ಕೃಷ್ಣ, ಎಲ್ಲೋರಾದ ಕೈಲಾಸ ದೇವಾಲಯ ಯಾರ ಹೆಸರಿನಲ್ಲಿದೆಯೋ ಅವನೇ. ಅದೂ ಇದೇ ಬಸಾಲ್ಟ್ ಬಂಡೆ, ಮೇಲಿನಿಂದ ಕೆಳಕ್ಕೆ ಕಡೆದದ್ದು.

ಮುಂದಿನ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ಈ ಮನೆತನದ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ. ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿ ದಂಡೆಯ ಊರು. ಕಾಗಿಣಾ ಸೇರೋದೂ ಭೀಮೆಯನ್ನೇ. ಆ ಸೀಮೆಯ ಕಲ್ಲೇ ನಮ್ಮ ಶಹಾಬಾದ್ ಕಲ್ಲು. ಅದೇ ಕಾಲದ ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಗಡಿಯನ್ನು ಗೋದಾವರಿಯವರೆಗೆ ಹೇಳುತ್ತೆ.

ಇಲ್ಲೊಂದು ಎಚ್ಚರಿಕೆ. ಇದನ್ನು ಓದಿ "ಹಾಗಾದ್ರೆ ಪುಣೆ ನಮ್ಮದೇ" ಅಂತ ಯಾರೂ ವಾಟ್ಸ್ಆ್ಯಪ್ ಸ್ಟೇಟಸ್ ಹಾಕಬೇಡಿ. ನಾನು ಹೇಳ್ತಿರೋದು ಅದಲ್ಲ. ಈಗಿನ ರಾಜ್ಯಗಳ ಗೆರೆ ಎಳೆದದ್ದು 1956 ಮತ್ತು 1960ರಲ್ಲಿ. ಅದಕ್ಕೆ ಮುಂಚಿನ ಸಾವಿರಾರು ವರ್ಷ ಜನ, ಮಾತು, ಕಲ್ಲು ಎಲ್ಲವೂ ಈ ದಾರಿಯಲ್ಲಿ ಓಡಾಡಿವೆ. ನಾವು ಆ ದಾರಿಯಲ್ಲಿ ಬಂದ ಮೊದಲಿಗರೇನಲ್ಲ.

ಕಟ್ಟೆ, ಪಾರ್, ಕಟ್ಟಾ

ಪುಣೆಗೆ ಬಂದ ಹೊಸದರಲ್ಲಿ ಆಫೀಸಿನ ಮರಾಠಿ ಗೆಳೆಯ "ಸಂಜೆ ಕಟ್ಟ್ಯಾವರ್ ಭೇಟೂ" ಅಂದಾಗ ನನಗೆ ಅನುವಾದವೇ ಬೇಕಾಗಲಿಲ್ಲ. ಕಟ್ಟೆ! ಕನ್ನಡದಲ್ಲಿ 'ಕಟ್ಟು' ಕ್ರಿಯಾಪದ, ಕಟ್ಟಿದ್ದು ಕಟ್ಟೆ. ಮರಾಠಿಯ ಕಟ್ಟಾ ಅದರ ನೆಂಟ ಅಂತ ಕಿವಿಗೇ ಗೊತ್ತಾಗುತ್ತೆ. ಇಂಥ ನೆಂಟಸ್ತಿಕೆಗಳ ಬಗ್ಗೆ ಶಂ. ಬಾ. ಜೋಶಿಯವರು 1930ರ ದಶಕದಲ್ಲೇ 'ಕಣ್ಮರೆಯಾದ ಕನ್ನಡ' ಬರೆದರು. ಮರಾಠಿಯಲ್ಲಿ ವಿಶ್ವನಾಥ ಖೈರೆಯವರೂ ಈ ಹಾದಿಯಲ್ಲಿ ಕೆಲಸ ಮಾಡಿದರು. ಇವತ್ತು ಪುಣೆಯಲ್ಲಿ ಕಟ್ಟಾ ಅಂದ್ರೆ ಕೂರುವ ಕಲ್ಲು ಮಾತ್ರ ಅಲ್ಲ, ಅಲ್ಲಿ ಸೇರುವ ಗುಂಪು, ಆ ಗುಂಪಿನ ಹರಟೆ, ಎಲ್ಲವೂ ಕಟ್ಟಾ. ಫರ್ಗ್ಯೂಸನ್ ಕಾಲೇಜ್ ರಸ್ತೆಯ ಗುಡ್‌ಲಕ್ ಚೌಕದಲ್ಲಿ 'ಕಲಾಕಾರ ಕಟ್ಟಾ' ಅಂತಲೇ ಒಂದು ಜಾಗ ಇದೆ.

ಮರದ ಸುತ್ತ ಕಟ್ಟಿದ್ದಕ್ಕೆ ಮಾತ್ರ ಮರಾಠಿಯಲ್ಲಿ ಬೇರೆ ಹೆಸರಿದೆ: ಪಾರ್. ಸದಾಶಿವ ಪೇಠೆಯ ನಾಗನಾಥ ಪಾರ್ ಹೆಸರಿನಲ್ಲೇ ಅದನ್ನು ಉಳಿಸಿಕೊಂಡಿದೆ. ನಮ್ಮ ಅರಳಿಕಟ್ಟೆಯ ಅಣ್ಣತಮ್ಮ ಇದು. ಸುತ್ತ ಕಲ್ಲು ಕಟ್ಟಿದರೆ ಬೇರಿನ ಬುಡದ ಮಣ್ಣು ಕೊಚ್ಚಿ ಹೋಗಲ್ಲ, ಜನಕ್ಕೆ ನೆರಳಲ್ಲಿ ಕೂರೋಕೆ ಜಾಗವೂ ಆಯ್ತು. ಒಂದೇ ಖರ್ಚಿನಲ್ಲಿ ಎರಡು ಕೆಲಸ.

ಮನೆಗೆ ಅಂಟಿಕೊಂಡಂತೆ ಬೀದಿ ಕಡೆಗಿರುವ ಕಟ್ಟೆ ಇಲ್ಲಿ 'ಓಟಾ', ನಮ್ಮಲ್ಲಿ ಜಗಲಿ. ಒರಗಿ ಕೂರುವ ಕಲ್ಲಾಸನ ಬೇಕು ಅಂದರೆ ಅದಕ್ಕೂ ನಮ್ಮಲ್ಲಿ ಹಳೇ ಮಾದರಿ ಇದೆ. ಐಹೊಳೆಯ ಲಾಡಖಾನ್ ಗುಡಿಗೆ ಹೋದಾಗ ಮಂಟಪದ ಅಂಚಿನಲ್ಲಿ ಒರಗು ಇರುವ ಕಲ್ಲಿನ ಬೆಂಚುಗಳನ್ನು ನೋಡಿರ್ತೀರಿ, ಹೊರಮೈಯಲ್ಲಿ ಕಲಶದ ಕೆತ್ತನೆ ಇರುತ್ತೆ. ಅದಕ್ಕೆ ಕಕ್ಷಾಸನ ಅಂತಾರೆ. ಒರಗುಕಲ್ಲು ನೆಟ್ಟಗಿರಲ್ಲ, ಹಿಂದಕ್ಕೆ ಸ್ವಲ್ಪ ಬಾಗಿರುತ್ತೆ. ಬೆನ್ನಿಗೆ ಯಾವುದು ಹಿತ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಉರಿದ ಮರ, ಉಳಿದ ಕಲ್ಲು

ಈಗ ಶನಿವಾರವಾಡಾಕ್ಕೆ ಬನ್ನಿ. ಒಂದನೆಯ ಬಾಜೀರಾವ್ ಪೇಶ್ವೆ 1730ರ ಜನವರಿಯಲ್ಲಿ ಅಡಿಗಲ್ಲು ಹಾಕಿದ, 1732ರ ಜನವರಿಯಲ್ಲಿ ಗೃಹಪ್ರವೇಶ. ಇಡೀ ಅರಮನೆಯನ್ನು ಕಲ್ಲಲ್ಲೇ ಕಟ್ಟೋಕೆ ಹೊರಟಾಗ, ಕಲ್ಲಿನ ಅರಮನೆ ಕಟ್ಟುವ ಅಧಿಕಾರ ಛತ್ರಪತಿಗೆ ಮಾತ್ರ ಅಂತ ಸಾತಾರಾದವರು ತಕರಾರು ತೆಗೆದರು, ಹಾಗಾಗಿ ಮೇಲಿನ ಅಂತಸ್ತೆಲ್ಲ ಇಟ್ಟಿಗೆ, ಮರದ್ದಾಯಿತು ಅಂತ ಒಂದು ಕತೆ ಪುಣೆಯಲ್ಲಿದೆ. ಕತೆ ನಿಜವೋ ಏನೋ, 1828ರ ಬೆಂಕಿಯಲ್ಲಿ ಮರವೆಲ್ಲ ಸುಟ್ಟು ಹೋದದ್ದಂತೂ ನಿಜ. ಉಳಿದದ್ದು ಕೋಟೆಗೋಡೆ, ದಿಲ್ಲಿ ದರವಾಜಾ, ಕಾರಂಜಿಗಳು, ಮತ್ತು ಕಲ್ಲಿನ ಅಧಿಷ್ಠಾನಗಳು.

ಇವತ್ತು ಅಲ್ಲಿ ಅವುಗಳ ಮಧ್ಯೆ ಹುಲ್ಲು ಬೆಳೆಸಿದ್ದಾರೆ. ಒಂದು ಕಾಲದಲ್ಲಿ ಪೇಶ್ವೆಯ ದರ್ಬಾರಿನ ಭಾರ ಹೊತ್ತ ಕಲ್ಲು ಈಗ ಸುತ್ತಾಡಿ ಸುಸ್ತಾದವರಿಗೆ ಕೂರುವ ಕಟ್ಟೆ.

ರೈಲಿನಲ್ಲಿ ಬಂದ ಕಲ್ಲು

ಆಗಿನ ಕಾಲದಲ್ಲಿ ಭಾರದ ಕಲ್ಲನ್ನು ದೂರ ಸಾಗಿಸೋದು ಕಷ್ಟ. ಎತ್ತಿನ ಗಾಡಿಗೆ ಎಷ್ಟು ಹೇರ್ತೀರಿ? ಅದಕ್ಕೇ ಊರೂರಿನ ಮನೆ ಆಯಾ ಊರಿನ ಕಲ್ಲಿನದು. ಮಲೆನಾಡಲ್ಲಿ ಜಂಬಿಟ್ಟಿಗೆ, ಬೆಂಗಳೂರು ಕಡೆ ಗ್ರಾನೈಟ್, ಪುಣೆಯಲ್ಲಿ ಬಸಾಲ್ಟ್. ಬಸಾಲ್ಟ್ ಗಟ್ಟಿ, ಆದರೆ ಅದನ್ನು ತೆಳ್ಳಗೆ ಚಪ್ಪಡಿ ಮಾಡೋದು ಬಹಳ ಶ್ರಮದ ಕೆಲಸ.

1858ರಲ್ಲಿ ಪುಣೆಗೆ ರೈಲು ಬಂತು. 1860ರಲ್ಲಿ ಹಳಿ ಸೊಲ್ಲಾಪುರ ಮುಟ್ಟಿತು. 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಗೆ ಜೋಡಣೆ ಆಯಿತು. ಆ ಹಳಿ ಹಾದುಹೋಗೋದು ಕಲಬುರಗಿ, ಶಹಾಬಾದ್, ವಾಡಿ ಮೇಲೆ. ಅಂದರೆ ಚಪ್ಪಡಿ ಕಲ್ಲಿನ ಗಣಿಗಳ ಪಕ್ಕದಲ್ಲೇ. ದೂರದ ಊರಿಗೂ ಈ ಕಲ್ಲು ಕೈಗೆಟಕುವ ಹಾಗಾಯಿತು. 'ಶಹಾಬಾದಿ ಫರಶಿ' ಅನ್ನೋದು ಮರಾಠಿಯ ಮನೆಮಾತಾಯಿತು. ಪುಣೆಯ ಚಾಳು, ಶಾಲೆ, ಅಡುಗೆಮನೆ, ಅಂಗಳ, ಎಲ್ಲ ಕಡೆ ಅದು ಬಿತ್ತು. ಮರಾಠಿ ಗೆಳೆಯರ ಮನೆಯ ಹಿರಿಯರನ್ನು ಕೇಳಿ ನೋಡಿ. ಬೇಸಿಗೆಯಲ್ಲಿ ಬರೀ ಫರಶಿ ಮೇಲೆ ಮಲಗಿದ ನೆನಪು ಅವರಿಗೆ ಖಂಡಿತ ಇರುತ್ತೆ.

ಇವತ್ತು ನಾವು ಊರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಓಡೋದೂ ಅದೇ ಹಳಿ ಮೇಲೆ. ಮುಂದಿನ ಸಲ ಕಲಬುರಗಿ ದಾಟಿದ ಮೇಲೆ ಎಚ್ಚರ ಇದ್ದರೆ ಕಿಟಕಿಯಾಚೆ ನೋಡಿ. ಬೂದು ಚಪ್ಪಡಿಯ ರಾಶಿಗಳು, ಅದೇ ಚಪ್ಪಡಿಯ ಗೋಡೆಗಳು ಕಾಣುತ್ತವೆ.

ಕಡೆದವರು ಯಾರು, ಕೂತವರು ಯಾರು

ಇಲ್ಲೀತನಕ ಕಲ್ಲಿನ ಕತೆ ಆಯ್ತು. ಅದನ್ನು ಒಡೆದವರ ಕತೆ ಹೇಳದಿದ್ದರೆ ಅರ್ಧ ಸುಳ್ಳಾಗುತ್ತೆ.

ಸೇನಾಪತಿ ಬಾಪಟ್ ರಸ್ತೆಯ ಮಾಲ್, ಆಫೀಸುಗಳ ಬೆನ್ನಿಗೇ ವಡಾರವಾಡಿ ಇದೆ. ವಡಾರರು ಅಂದರೆ ತಲೆತಲಾಂತರದಿಂದ ಕಲ್ಲು ಒಡೆಯುವ, ಮಣ್ಣು ಅಗೆಯುವ, ಒರಳು-ಬೀಸುಕಲ್ಲು ಕಡೆಯುವ ಕೆಲಸ ಮಾಡಿಕೊಂಡು ಬಂದ ಸಮುದಾಯ. ನಮ್ಮಲ್ಲಿ ಭೋವಿ ಅಂತ ಕರೆಯುವವರ ಬಂಧುಗಳು. ಕೆಲಸ ಇದ್ದಲ್ಲಿಗೆ ಊರಿಂದೂರಿಗೆ ಹೋದವರು, ಒಂದು ಲೆಕ್ಕದಲ್ಲಿ ಈ ದಾರಿಯ ಹಳೆಯ ವಲಸಿಗರು. ಊರಿನ ಕಟ್ಟೆಗಳನ್ನು ಕಟ್ಟಿದವರಲ್ಲಿ ಇವರಿದ್ದರು. ಆದರೆ ಕಟ್ಟಿದ ಮೇಲೆ ಅದರ ಮೇಲೆ ಕೂರೋಕೆ ಎಲ್ಲರಿಗೂ ಬಿಡುತ್ತಿರಲಿಲ್ಲ.

ಕಟ್ಟೆ ಅಂದ ತಕ್ಷಣ ನಮಗೆ ಹಳ್ಳಿ, ಹರಟೆ, ಎಲೆಅಡಿಕೆ ನೆನಪಾಗುತ್ತೆ, ಮನಸ್ಸು ತಂಪಾಗುತ್ತೆ. ಆದರೆ ನಮ್ಮ ಎಷ್ಟೋ ಊರುಗಳಲ್ಲಿ ದಲಿತರು ಆ ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ಹೋಗಬೇಕಿತ್ತು. ನನ್ನ ಊರಿನ ಜಗಲಿಯಲ್ಲೂ ಯಾರು ಮೇಲೆ ಕೂರಬೇಕು, ಯಾರು ಅಂಗಳದಲ್ಲಿ ನಿಲ್ಲಬೇಕು ಅನ್ನೋದು ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಚಿಕ್ಕವನಿದ್ದಾಗ ಅದು ನನಗೆ ಕಾಣಲೇ ಇಲ್ಲ.

ಇದೇ ಪುಣೆಯ ಗಂಜ್ ಪೇಠೆಯಲ್ಲಿ 1868ರಲ್ಲಿ ಜ್ಯೋತಿಬಾ ಫುಲೆ ತಮ್ಮ ಮನೆಯಂಗಳದ ನೀರಿನ ಹೌದನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದರು. ಒಂದು ಮನೆ, ಒಂದು ಅಂಗಳ, ಒಂದು ತೊಟ್ಟಿ. ಆ ವಾಡಾ ಈಗ ಸ್ಮಾರಕ, ಹೋಗಿ ನೋಡಿ. ನಮ್ಮ ಮನೆಯಂಗಳದಲ್ಲಿ ಏನು ಮಾಡ್ತೀವಿ ಅನ್ನೋದು ಬರೀ ನಮ್ಮ ಖಾಸಗಿ ವಿಷಯ ಅಲ್ಲ ಅಂತ ಅಲ್ಲಿ ನಿಂತಾಗ ಅನ್ನಿಸುತ್ತೆ.

ನನ್ನ ಆಸನ: ಎರಡು ತಪ್ಪು

ಈಗ ನನ್ನ ಹತ್ತಡಿ ಮಣ್ಣಿಗೆ ಬರ್ತೀನಿ. ನಾನು ಎರಡು ತಪ್ಪು ಮಾಡಿದೆ.

ಮೊದಲನೆಯದು ತಾಂತ್ರಿಕ. ಗೌಂಡಿ ಯಾಕೆ, ಎರಡು ಕಲ್ಲಿನ ಮೇಲೆ ಒಂದು ಚಪ್ಪಡಿ ತಾನೇ ಅಂತ ಯೂಟ್ಯೂಬ್ ನೋಡಿ ನಾನೇ ಕೂರಿಸಿದೆ. ನಮ್ಮ ಮನೆಯ ಮಣ್ಣು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ. ಜುಲೈ ಮುಗಿಯೋಷ್ಟರಲ್ಲಿ ಒಂದು ಕಾಲು ಕುಸಿದು ಆಸನ ವಾಲಿತು. ನಾಚಿಕೆ ಬಿಟ್ಟು ಅದೇ ಅಂಗಡಿಗೆ ಹೋಗಿ ಆ ಗೌಂಡಿಯವರನ್ನು ಕರೆದುಕೊಂಡು ಬಂದೆ.

ಅವರು ಮಾಡಿದ್ದನ್ನು ಬರೆಯುತ್ತೇನೆ, ನಿಮಗೂ ಉಪಯೋಗ ಆಗಬಹುದು.

ಎರೆಮಣ್ಣನ್ನು ಪೂರ್ತಿ ತೆಗೆದು ಕೆಳಗಿನ ಮುರುಮ್ (ನಮ್ಮಲ್ಲಿ ಗರಸು ಅಂತೀವಲ್ಲ) ಸಿಗುವವರೆಗೆ ಅಗೆದರು. ನಮ್ಮಲ್ಲಿ ಅದು ಒಂದೂವರೆ ಅಡಿಗೆ ಸಿಕ್ಕಿತು. ಅದರಲ್ಲಿ ದಪ್ಪ ಜಲ್ಲಿ ತುಂಬಿ ದಮ್ಮಸು ಹಾಕಿದರು. ಕಾಲುಗಳಿಗೆ ಇಲ್ಲಿನ ಕರಿಕಲ್ಲು, ಮೇಲೆ ಕೂರೋಕೆ ಶಹಾಬಾದ್ ಚಪ್ಪಡಿ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಿಂಚು ದಪ್ಪದ ಚಪ್ಪಡಿ ಎಪ್ಪತ್ತು ಕಿಲೋ ದಾಟುತ್ತೆ, ಒಬ್ಬರೇ ಎತ್ತೋ ಸಾಹಸ ಬೇಡ. ಈ ಕಲ್ಲು ನಡುವೆ ಆಧಾರ ಇಲ್ಲದಿದ್ದರೆ ಮುರಿಯಬಹುದು, ಅದಕ್ಕೆ ಎರಡಲ್ಲ, ಮೂರು ಕಾಲು. ನೆಲದಿಂದ ಎತ್ತರ ಹದಿನೇಳು ಇಂಚು. ಹದಿನಾರರಿಂದ ಹದಿನೆಂಟರೊಳಗಿದ್ದರೆ ವಯಸ್ಸಾದವರಿಗೆ ಏಳೋಕೆ ಕೂರೋಕೆ ಸುಲಭ. ಮಳೆನೀರು ನಿಲ್ಲದ ಹಾಗೆ ಮುಂದಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು.

ಕಲ್ಲು ಆರಿಸುವಾಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿದರು. ಗಂಟೆಯಂತೆ ಠಣ್ ಅಂದರೆ ಒಳ್ಳೇದು, ದಬ್ ಅಂದರೆ ಒಳಗೆ ಬಿರುಕಿದೆ. ಪದರದ ಕಲ್ಲನ್ನು ಅದು ಗಣಿಯಲ್ಲಿ ಹೇಗೆ ಮಲಗಿತ್ತೋ ಹಾಗೇ ಮಲಗಿಸಬೇಕು, ಪದರ ಮೇಲ್ಮುಖ ಆಗುವಂತೆ ನಿಲ್ಲಿಸಿದರೆ ಮಳೆನೀರು ಇಳಿದು ಸಿಪ್ಪೆ ಏಳುತ್ತೆ. ಕತ್ತರಿಸುವಾಗ ನೀರು ಹಾಕಿಕೊಂಡೇ ಕತ್ತರಿಸಬೇಕು, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಬಾಯಿಗೆ ಮಾಸ್ಕ್ ಕೊಡೋದು ಕೆಲಸ ಮಾಡಿಸುವ ನಮ್ಮ ಹೊಣೆ. ಆಮೇಲೆ ತೊಳೆಯುವಾಗ ಆ್ಯಸಿಡ್ ಮುಟ್ಟಿಸಬೇಡಿ. ಸುಣ್ಣದ ಕಲ್ಲು, ನಿಂಬೆರಸ ಬಿದ್ದರೂ ಕಲೆ ಆಗುತ್ತೆ. ಟೆರೇಸ್ ಮೇಲೆ ಮಾಡೋರು ಇಂಜಿನಿಯರ್ ಹತ್ತಿರ ಭಾರದ ಲೆಕ್ಕ ಕೇಳದೆ ಕೈಹಾಕಬೇಡಿ.

ಚಪ್ಪಡಿ ಬೇಡ, ಗುಂಡುಕಲ್ಲೇ ಇರಲಿ ಅನ್ನುವವರು ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನಕ್ಕೆ ಒಂದು ಭಾನುವಾರ ಹೋಗಿ. ಜಪಾನಿನ ಓಕಾಯಾಮಾದ ಕೋರಾಕುಯೆನ್ ತೋಟದ ಮಾದರಿಯಲ್ಲಿ ಮಾಡಿದ್ದು ಅದು. ಜಪಾನಿನವರು ಕಲ್ಲನ್ನು ನೆಲದ ಮೇಲೆ ತಂದು ಇಡಲ್ಲ, ಒಂದು ಭಾಗ ಹುಗಿಯುತ್ತಾರೆ. ಆಗ ಅದು ಅಲ್ಲೇ ಹುಟ್ಟಿದ ಹಾಗೆ ಕಾಣುತ್ತೆ, ಅಲುಗಾಡುವುದೂ ಇಲ್ಲ.

ಎರಡನೆಯ ತಪ್ಪನ್ನು ಗೌಂಡಿಯವರೇ ತೋರಿಸಿದರು. ನಾನು ಆಸನದ ಮುಖವನ್ನು ನಮ್ಮ ಮನೆ ಕಡೆಗೆ, ಬೆನ್ನನ್ನು ಗೇಟಿನ ಕಡೆಗೆ ಇಟ್ಟಿದ್ದೆ. ಪ್ರೈವಸಿ ಬೇಕಲ್ಲ! ಅವರು ಸ್ವಲ್ಪ ಹೊತ್ತು ನೋಡಿ, "ಹಿಂಗಿಟ್ರ ಬಂದವ್ರಿಗೆ ನಿಮ್ಮ ಬೆನ್ನ ಕಾಣ್ತದಲ್ರೀ ಸರ" ಅಂದ್ರು. ತಿರುಗಿಸಿ ಹಾಕೋಣ ಅಂದೆ.

ಕೆಲಸ ಮುಗಿದ ಮೇಲೆ ಚಹಾ ಬಂತು. ಅವರು ಲೋಟ ಹಿಡಿದುಕೊಂಡು ಅಭ್ಯಾಸಬಲದಿಂದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. "ಯಜಮಾನ್ರೆ, ನೀವು ಕಟ್ಟಿದ್ದು, ನೀವೇ ಮೊದಲು ಕೂತು ನೋಡಿ" ಅಂದೆ. ಅವರು ಒಂದು ಕ್ಷಣ ಅನುಮಾನಿಸಿದರು. ಆ ಒಂದು ಕ್ಷಣ ನನಗೆ ಇವತ್ತಿಗೂ ಮರೆಯೋಕಾಗಿಲ್ಲ. ಆಮೇಲೆ ಟವೆಲ್‌ನಿಂದ ಕಲ್ಲು ಒರೆಸಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ಚಿತ್ತಾಪುರ ಕಡೆಯ ಅವರ ಊರು, ಈ ವರ್ಷದ ತೊಗರಿ, ಇಬ್ಬರ ಮಕ್ಕಳ ಶಾಲೆ, ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿದ್ವಿ. ಪುಣೆಗೆ ಬಂದು ಒಂಬತ್ತು ವರ್ಷ ಆಗಿದ್ದರೂ, ನಾವಿರುವಂಥ ಕಟ್ಟಡಗಳನ್ನು ಕಟ್ಟಿದ ಕನ್ನಡದವರೊಬ್ಬರ ಜತೆ ನಾನು ಕೂತು ಮಾತಾಡಿದ್ದು ಅದೇ ಮೊದಲು.

ಹಿಂಜವಡಿಗೆ ಹೋಗುವ ಬೆಳಗಿನ ಕ್ಯಾಬ್ ಕೂಲಿ ನಾಕಾ ದಾಟಿಯೇ ಹೋಗುತ್ತೆ. ಅಲ್ಲಿ ಬುತ್ತಿ ಹಿಡಿದು ನಿಂತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಎಷ್ಟೋ ಜನ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಾವು ಹುಡುಕುವ 'ಪುಣೆ ಕನ್ನಡಿಗರು' ಅಂದರೆ ಬರೀ ನಾವಲ್ಲ, ಅವರೂ ಹೌದು.

ಹಾಗಾಗಿ ನೀವು ನಿಮ್ಮ ಅಂಗಳದಲ್ಲೋ ಸೊಸೈಟಿಯ ಪಾರ್ಕಿನಲ್ಲೋ ಕಲ್ಲಿನ ಆಸನ ಮಾಡಿಸುವುದಾದರೆ ಖಂಡಿತ ಮಾಡಿಸಿ. ಹಳೇ ವಾಡಾ, ಹಳೇ ಚಾಳು ಕೆಡವುವಾಗ ಫರಶಿ ಕಲ್ಲು ರಾಡಿ ಜತೆ ಹೋಗ್ತಿರುತ್ತೆ, ಕೇಳಿ ನೋಡಿ, ಸಿಕ್ಕರೆ ಅದನ್ನೇ ಹಾಕಿ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ಇಡಿ, ಇಲ್ಲಾಂದ್ರೆ ಏಪ್ರಿಲ್‌ನಲ್ಲಿ ಸಂಜೆಯೂ ಕೂರೋಕಾಗಲ್ಲ. ಮುಖ ಗೇಟಿನ ಕಡೆಗಿರಲಿ. ಮೊದಲ ಚಹಾ ಅದನ್ನು ಕಟ್ಟಿದವರ ಜತೆ ಆಗಲಿ.

ನಮ್ಮ ಪಾರಿಜಾತ ಈಗ ಎದೆಯೆತ್ತರಕ್ಕೆ ಬಂದಿದೆ. ಬೆಳಿಗ್ಗೆ ಎದ್ದರೆ ಬೂದು ಕಲ್ಲಿನ ಮೇಲೆ ಬಿಳಿ ಹೂ ಬಿದ್ದಿರುತ್ತೆ. ಎದುರು ಮನೆಯ ಮರಾಠಿ ಆಜಿ ವಾಕಿಂಗ್ ಮುಗಿಸಿ ಬಂದು ಹೂ ಸರಿಸಿ ಅಲ್ಲೇ ಕೂರ್ತಾರೆ. "ಶಹಾಬಾದಿ ಆಹೇ ನಾ? ನಮ್ಮ ತವರು ಮನೆ ಅಡುಗೆಮನೆಯಲ್ಲಿ ಇದೇ ಇತ್ತು" ಅಂತ ಮೊದಲ ದಿನವೇ ಗುರುತು ಹಿಡಿದರು.